ಮಾತಿಲ್ಲದ ಆಲ್ಬಂಗೆ ಅಂಟಿದ ಕಥೆ



ಸಂಗೀತ ವಿಮರ್ಶೆಯ ಬಗ್ಗೆ ಮಾತಾಡಿ ಎಂದು ಕೇಳಿದಾಗ, ವಿಮರ್ಶೆಗೆ ಕಾಲೂರಲು ನೆಲವೇ ಸಿಗದ ಜಾಗ ಯಾವುದು ಎಂದು ಯೋಚಿಸಿದೆ. ಹಾಡಿದ್ದರೆ ಸಾಹಿತ್ಯ ಹಿಡಿದು ನಾಲ್ಕು ಮಾತಾಡಬಹುದು. ವಾದ್ಯ ಕಛೇರಿಯಾದರೆ ನುಡಿಸಿದವರ ಬೆರಳಿದೆ, ಕಮಾನಿದೆ, ಉಸಿರಿದೆ. ಹಾಡಿನ ಮಾತೂ ಇಲ್ಲ, ನುಡಿಸುವವರೂ ಇಲ್ಲ, ಇರುವುದೆಲ್ಲ ಬೇರೆಯವರ ಹಳೆಯ ರೆಕಾರ್ಡುಗಳಿಂದ ಕತ್ತರಿಸಿದ ಚೂರುಗಳು ಎಂದಾದರೆ ವಿಮರ್ಶಕ ಯಾವುದನ್ನು ಹಿಡಿಯಬೇಕು? ಅಂಥ ಒಂದು ಆಲ್ಬಂ 2006ರಲ್ಲಿ ಅಮೆರಿಕದಲ್ಲಿ ಬಂತು. ವಿಮರ್ಶಕರು ಹಿಡಿದದ್ದು ಒಂದು ಕಥೆಯನ್ನು. ಆ ಕಥೆ ಎಷ್ಟು ಚೆನ್ನಾಗಿತ್ತೆಂದರೆ ಹದಿನಾರು ವರ್ಷ ಅದು ಅಲ್ಲಾಡಲಿಲ್ಲ.

ಆಲ್ಬಂನ ಹೆಸರು 'ಡೋನಟ್ಸ್'. ಮಾಡಿದವರು ಜೆ ಡಿಲ್ಲಾ. ಹುಟ್ಟು ಹೆಸರು ಜೇಮ್ಸ್ ಡುವಿಟ್ ಯಾನ್ಸಿ. ಡೆಟ್ರಾಯಿಟ್‌ನವರು, ಹುಟ್ಟಿದ್ದು 1974ರ ಫೆಬ್ರವರಿ 7ರಂದು. ಲಾಸ್ ಏಂಜಲಿಸ್‌ನ ಸ್ಟೋನ್ಸ್ ಥ್ರೋ ಎಂಬ ಚಿಕ್ಕ ಕಂಪನಿ ಈ ಆಲ್ಬಂ ಅನ್ನು ಅವರ ಮೂವತ್ತೆರಡನೇ ಹುಟ್ಟುಹಬ್ಬದ ದಿನ ಬಿಡುಗಡೆ ಮಾಡಿತು. ಮೂರು ದಿನಗಳ ನಂತರ ಡಿಲ್ಲಾ ತೀರಿಕೊಂಡರು. ರಕ್ತದ ಅಪರೂಪದ ಕಾಯಿಲೆಯೊಂದು ಕೆಲವು ವರ್ಷಗಳಿಂದ ಅವರನ್ನು ಹಿಂಡುತ್ತಿತ್ತು, ಜೊತೆಗೆ ಲೂಪಸ್. 2005ರ ಕೊನೆಯಲ್ಲಿ ಯುರೋಪಿನ ಕಾರ್ಯಕ್ರಮಗಳಿಗೆ ಅವರು ಹೋದದ್ದು ಗಾಲಿಕುರ್ಚಿಯಲ್ಲಿ.

ಒಟ್ಟು ಮೂವತ್ತೊಂದು ತುಣುಕುಗಳು, ನಲವತ್ತಮೂರು ನಿಮಿಷ ಚಿಲ್ಲರೆ. ಅತಿ ಉದ್ದದ ತುಣುಕೂ ಮೂರು ನಿಮಿಷ ಮುಟ್ಟುವುದಿಲ್ಲ. ಉಳಿದವೆಲ್ಲ ಎರಡು ನಿಮಿಷದ ಒಳಗೇ ಮುಗಿಯುತ್ತವೆ. ಮೊದಲನೆಯದರ ಹೆಸರು 'ಔಟ್ರೋ', ಅಂದರೆ ಮುಕ್ತಾಯ. ಕೊನೆಯದರ ಹೆಸರು 'ವೆಲ್‌ಕಂ ಟು ದ ಶೋ'. ಕೊನೆಯದು ಮುಗಿಯುವ ಜಾಗಕ್ಕೆ ಮೊದಲನೆಯದನ್ನು ಜೋಡಿಸಿದರೆ ಉಂಗುರದಂತೆ ಕೂಡಿಕೊಳ್ಳುತ್ತದೆ. ಹೆಸರಿಗೆ ಕಂಪನಿ ಕೊಟ್ಟ ಕಾರಣ ಸರಳ: ಡಿಲ್ಲಾಗೆ ಡೋನಟ್ ತಿನ್ನುವುದು ಇಷ್ಟ.

ಇನ್ನು ಕಥೆ. ಲಾಸ್ ಏಂಜಲಿಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯ ಹಾಸಿಗೆ. ಮಗ್ಗುಲಲ್ಲಿ ತಾಯಿ ಮೌರೀನ್ ಯಾನ್ಸಿ. ಹಿಪ್-ಹಾಪ್ ಲೋಕ ಅವರನ್ನು 'ಮಾ ಡ್ಯೂಕ್ಸ್' ಎಂದು ಕರೆಯುತ್ತದೆ. ಗೆಳೆಯರು ತಂದುಕೊಟ್ಟ, ರೆಕಾರ್ಡಿನ ಚೂರುಗಳನ್ನು ಹಿಡಿದಿಟ್ಟು ಗುಂಡಿ ಒತ್ತಿದಾಗ ನುಡಿಸುವ ಸ್ಯಾಂಪ್ಲರ್ ಎಂಬ ಒಂದು ಪುಟ್ಟ ಯಂತ್ರ, ಒಂದು ಸಣ್ಣ ರೆಕಾರ್ಡ್ ಪ್ಲೇಯರ್, ಒಂದು ಡಬ್ಬಿ ತುಂಬ ಸಿಂಗಲ್ ರೆಕಾರ್ಡುಗಳು. ಊದಿಕೊಂಡ ಬೆರಳುಗಳನ್ನು ತಾಯಿ ತಿಕ್ಕುತ್ತಾರೆ, ಮಗ ಮತ್ತೆ ಯಂತ್ರದ ಗುಂಡಿಗಳನ್ನು ಒತ್ತುತ್ತಾನೆ. ಹೀಗೆ, ಸಾವು ಬಾಗಿಲಲ್ಲಿ ನಿಂತಿರುವಾಗ, ಇಡೀ ಆಲ್ಬಂ ತಯಾರಾಯಿತು. ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ತುಣುಕುಗಳು ಆ ಹಾಸಿಗೆಯಲ್ಲೇ ಆದವು ಎಂಬ ಲೆಕ್ಕವೂ ಸಂಗೀತ ಪತ್ರಿಕೆಗಳಲ್ಲಿ, ಸಾಕ್ಷ್ಯಚಿತ್ರಗಳಲ್ಲಿ ಓಡಾಡಿತು.

ಈ ಕಥೆ ಕೈಗೆ ಸಿಕ್ಕಿದ ಮೇಲೆ ಆಲ್ಬಂನ ಪ್ರತಿಯೊಂದು ತುಣುಕೂ ಅರ್ಥ ಕೊಡತೊಡಗಿತು. 'ಡೋಂಟ್ ಕ್ರೈ' ಎಂದರೆ ಮಗ ತಾಯಿಗೆ ಹೇಳಿದ ಸಮಾಧಾನ. 'ಸ್ಟಾಪ್' ಎಂದರೆ ಸಾವಿಗೆ ಹೇಳಿದ ಮಾತು. 'ಬೈ' ಎಂದರೆ ಇನ್ನೇನು ಹೇಳಬೇಕು? ಆರಂಭದಲ್ಲಿ ಮುಕ್ತಾಯ, ಮುಕ್ತಾಯದಲ್ಲಿ ಸ್ವಾಗತ: ಜನನ ಮರಣದ ಚಕ್ರವೇ ಬಂತು. ನಮ್ಮ ಕಾವ್ಯಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ವಿಭಾವವೇ, ಅಂದರೆ ಭಾವ ಹುಟ್ಟಿಸುವ ಕಾರಣವೇ, ಇಲ್ಲದ ಸಂಗೀತಕ್ಕೆ ವಿಮರ್ಶಕರು ಹೊರಗಿನಿಂದ ಒಂದು ವಿಭಾವ ತಂದುಕೊಟ್ಟರು. ಆಲಂಬನ ಆ ಹುಡುಗ, ಉದ್ದೀಪನ ಆ ಆಸ್ಪತ್ರೆ ಕೋಣೆ. ಅಷ್ಟಾದ ಮೇಲೆ ಕರುಣರಸ ಬಿಟ್ಟು ಬೇರೆ ಯಾವ ರಸ ಹುಟ್ಟೀತು?

ಅಂಕಿಗಳನ್ನು ನೋಡಿ. ಪಿಚ್‌ಫೋರ್ಕ್ ಎಂಬ ಸಂಗೀತ ಪತ್ರಿಕೆ ಪ್ರತಿ ಆಲ್ಬಂಗೂ ಹತ್ತಕ್ಕೆ ಇಷ್ಟು ಎಂದು ದಶಾಂಶ ಹಚ್ಚಿ ಅಂಕ ಕೊಡುತ್ತದೆ. ಸಂಗೀತಕ್ಕೆ ದಶಾಂಶ ಹಚ್ಚುವುದು ನನಗೆ ಯಾವತ್ತೂ ತಮಾಷೆಯಾಗಿಯೇ ಕಂಡಿದೆ. ಆದರೆ ಆ ಕಾಲದ ಅಮೆರಿಕದ ಶ್ರೋತೃಗಳ ಮೇಲೆ ಆ ಅಂಕಕ್ಕಿದ್ದ ಅಧಿಕಾರ ಸಣ್ಣದಲ್ಲ. 2006ರಲ್ಲಿ ಅದು 'ಡೋನಟ್ಸ್'ಗೆ ಕೊಟ್ಟದ್ದು 7.9. ಏಳು ವರ್ಷಗಳ ನಂತರ, 2013ರಲ್ಲಿ, ಅದೇ ಆಲ್ಬಂ ಚಿಕ್ಕ ರೆಕಾರ್ಡುಗಳ ಪೆಟ್ಟಿಗೆಯಾಗಿ ಮರುಬಿಡುಗಡೆಯಾದಾಗ ಅದೇ ಪತ್ರಿಕೆ ಹತ್ತಕ್ಕೆ ಹತ್ತು ಕೊಟ್ಟಿತು. ವಿಮರ್ಶಕರು ಬೇರೆ ಬೇರೆ, ಅದು ಸರಿ. ಆದರೆ ಆಲ್ಬಂ ಒಂದೇ. ಒಂದು ಸದ್ದೂ ಬದಲಾಗಿರಲಿಲ್ಲ. 2014ರಲ್ಲಿ ಜೋರ್ಡನ್ ಫರ್ಗುಸನ್ ಈ ಒಂದೇ ಆಲ್ಬಂ ಬಗ್ಗೆ ಒಂದು ಪುಸ್ತಕ ಬರೆದರು. 2016ರಲ್ಲಿ ವಾಷಿಂಗ್ಟನ್‌ನಲ್ಲಿ ಆಫ್ರಿಕನ್ ಅಮೆರಿಕನ್ ಇತಿಹಾಸದ ರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆದಾಗ ಡಿಲ್ಲಾರ ಸ್ಯಾಂಪ್ಲರ್ ಅಲ್ಲಿನ ಸಂಗೀತ ವಿಭಾಗ ಸೇರಿತ್ತು. 2020ರಲ್ಲಿ ರೋಲಿಂಗ್ ಸ್ಟೋನ್ ತನ್ನ ಐನೂರು ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ ಇದನ್ನು 386ನೇ ಸ್ಥಾನದಲ್ಲಿ ಕೂರಿಸಿತು. ಪ್ರತಿ ಫೆಬ್ರವರಿಯಲ್ಲಿ ಊರೂರುಗಳಲ್ಲಿ ಡಿಲ್ಲಾ ಸ್ಮರಣೆ. 'ಡಿಲ್ಲಾ ನನ್ನ ಬದುಕು ಬದಲಿಸಿದರು' ಎಂದು ಬರೆದ ಅಂಗಿಗಳು. ಆರಾಧನೆಯಲ್ಲಿ ನಾವೊಬ್ಬರೇ ನಿಸ್ಸೀಮರು ಎಂದುಕೊಳ್ಳಬೇಕಿಲ್ಲ.

7.9 ಕೊಟ್ಟವರು ಕಿವುಡರೆಂದು ನಾನು ಒಪ್ಪುವುದಿಲ್ಲ. ಒಂದೂವರೆ ನಿಮಿಷದ ಚೂರುಗಳ ಸಾಲು ಮೊದಲ ಕೇಳುವಿಕೆಗೆ ಮುಗಿಯದ ಕರಡಿನಂತೆಯೇ ಕೇಳುತ್ತದೆ. ಒಂದು ತುಣುಕಿಗೆ ಕಿವಿ ಹೊಂದಿಕೊಳ್ಳುವಷ್ಟರಲ್ಲಿ ಅದು ಹೋಗಿ ಇನ್ನೊಂದು ಬಂದಿರುತ್ತದೆ. ಹಿಪ್-ಹಾಪ್‌ನಲ್ಲಿ ಇದಕ್ಕೆ 'ಬೀಟ್ ಟೇಪ್' ಎನ್ನುತ್ತಾರೆ. ಬೀಟ್ ಕಟ್ಟುವವರು ರ‍್ಯಾಪರ್‌ಗಳಿಗೆ ಕೊಡುವ ಮಾದರಿಗಳ ಸರಣಿ ಅದು. ಬೇಕಾದ್ದನ್ನು ಆರಿಸಿಕೊಂಡು ಅದರ ಮೇಲೆ ಮಾತು ಕಟ್ಟಿ ಎನ್ನುವುದು ಅದರ ಉದ್ದೇಶ. 'ಡೋನಟ್ಸ್' ಆ ಟೇಪನ್ನೇ ಆಲ್ಬಂ ಎಂದು ಮುಂದಿಟ್ಟಿತು. ಇದು ಪೂರ್ತಿ ಹೊಸದೇನಲ್ಲ. ಡಿಜೆ ಶ್ಯಾಡೋ ಅವರ 'ಎಂಡ್‌ಟ್ರೊಡ್ಯೂಸಿಂಗ್' 1996ರಲ್ಲೇ ಮಾತಿನ ಹಂಗಿಲ್ಲದೆ, ಇಡಿಯಾಗಿ ಸ್ಯಾಂಪಲ್‌ಗಳಿಂದಲೇ ಕಟ್ಟಿದ ಆಲ್ಬಂ ಎಂದು ಹೆಸರು ಮಾಡಿತ್ತು. ಆದರೆ ಶ್ಯಾಡೋ ಕಟ್ಟಿದ್ದು ದೀರ್ಘ, ಗಂಭೀರ, ಸಿನಿಮಾದಂಥ ರಚನೆಗಳನ್ನು. ಅಲ್ಲಿ ವಿಮರ್ಶಕರಿಗೆ 'ಕೃತಿ' ಎನ್ನಲು ಆಕಾರವಾದರೂ ಇತ್ತು. ಡಿಲ್ಲಾರದ್ದು ಆಕಾರ ಕಾಣುವಷ್ಟರಲ್ಲಿ ಜಾರಿಕೊಳ್ಳುವ ವಸ್ತು.

2022ರಲ್ಲಿ ಡಾನ್ ಚಾರ್ನಸ್ ಅವರ 'ಡಿಲ್ಲಾ ಟೈಮ್' ಎಂಬ ದಪ್ಪ ಪುಸ್ತಕ ಬಂತು. ಚಾರ್ನಸ್ ಪತ್ರಕರ್ತರು, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರು. ಡಿಲ್ಲಾ ಸುತ್ತಲಿದ್ದವರನ್ನೆಲ್ಲ ಮಾತಾಡಿಸಿ, ದಿನಾಂಕಗಳನ್ನು ಜೋಡಿಸಿ ಅವರು ತೋರಿಸಿದ್ದು ಇದು: 'ಡೋನಟ್ಸ್'ನ ಬಹುಭಾಗ ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ. ಮನೆಯಲ್ಲಿ, ಕಂಪ್ಯೂಟರ್ ಮುಂದೆ ಕೂತು ಡಿಲ್ಲಾ ಮೊದಲೇ ಮಾಡಿಟ್ಟಿದ್ದ ಬೀಟ್ ಟೇಪ್ ಅದರ ಮೂಲ. ಅದನ್ನು ಆಲ್ಬಂನ ಉದ್ದಕ್ಕೆ ಹಿಗ್ಗಿಸುವ ಸಂಕಲನದ ಕೆಲಸದಲ್ಲಿ ದೊಡ್ಡ ಪಾಲು ಕಂಪನಿಯ ಕಲಾ ನಿರ್ದೇಶಕ ಜೆಫ್ ಜ್ಯಾಂಕ್ ಅವರದ್ದು. ಆಸ್ಪತ್ರೆಯಲ್ಲಿ ಡಿಲ್ಲಾ ಕೆಲಸ ಮಾಡಿದ್ದು ನಿಜ, ತಾಯಿ ಬೆರಳು ತಿಕ್ಕಿದ್ದೂ ನಿಜ. ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ಎಂಬ ಲೆಕ್ಕ ಮಾತ್ರ ನಿಲ್ಲಲಿಲ್ಲ.

ಈ ತಿದ್ದುಪಡಿಯ ನಂತರ ವಿಮರ್ಶೆ ಹಳೆಯ ತೀರ್ಮಾನಗಳನ್ನು ಮತ್ತೆ ತೆರೆಯಬೇಕಿತ್ತು. ತೆರೆದದ್ದು ಕಡಿಮೆ. 'ವಿವರ ತಪ್ಪಿರಬಹುದು, ಭಾವ ಸರಿಯೇ' ಎಂಬ ಧಾಟಿಯಲ್ಲಿ ಮಾತು ಮುಂದುವರಿಯಿತು. ಇಲ್ಲಿ ನನ್ನ ತಕರಾರಿದೆ. ಸಾಯುವ ಹೊತ್ತಿನ ಕಲೆಗೆ ಬೇರೆಯೇ ಒಂದು ಗುಣ ಬರುತ್ತದೆ ಎಂಬ ವಿಚಾರ ಹಳೆಯದು. ಜರ್ಮನ್ ಚಿಂತಕ ಅಡೋರ್ನೊ 1937ರಲ್ಲಿ ಬೀಥೋವನ್‌ನ ಕೊನೆಗಾಲದ ಶೈಲಿಯ ಬಗ್ಗೆ ಬರೆದರು. ವಿಮರ್ಶಕ ಎಡ್ವರ್ಡ್ ಸಯೀದ್ ಅದನ್ನು ಬೆಳೆಸಿ ಬರೆದ 'ಆನ್ ಲೇಟ್ ಸ್ಟೈಲ್' ಅವರು ತೀರಿಕೊಂಡ ಮೇಲೆ, 'ಡೋನಟ್ಸ್' ಬಂದ 2006ರಲ್ಲೇ ಪ್ರಕಟವಾಯಿತು. ಆದರೆ ಇವರಿಬ್ಬರೂ ಹುಡುಕಿದ್ದು ಸಾವಿನ ಗುರುತನ್ನು ರಚನೆಯ ಒಳಗೆ: ಬಿರುಕುಗಳಲ್ಲಿ, ಬೆಸೆಯದೆ ಬಿಟ್ಟ ಜಾಗಗಳಲ್ಲಿ, ಹಠಾತ್ತಾಗಿ ನಿಲ್ಲುವಲ್ಲಿ. 'ಡೋನಟ್ಸ್'ನಲ್ಲೂ ಅಂಥ ಕತ್ತರಿಗಳು ಧಾರಾಳ. ಅವು ಸಾವಿನ ಕತ್ತರಿಗಳೋ, ಬೀಟ್ ಟೇಪ್ ಎಂಬ ಪ್ರಕಾರದ ವಾಡಿಕೆಯೋ, ಜ್ಯಾಂಕ್ ಅವರ ಸಂಕಲನವೋ ಎಂದು ಕೇಳಿ ನೋಡದೆ ಭಾವ ಸರಿ ಎಂದರೆ ಅದು ಭಕ್ತಿ.

ಹಾಗಾದರೆ ಕಿವಿಗೆ ಏನು ಕೇಳುತ್ತದೆ? ನನಗೆ ಮೊದಲು ಕೇಳುವುದು ನಗು. 'ವರ್ಕಿನಾನಿಟ್' ಎಂಬ ದೊಡ್ಡ ತುಣುಕಿಗೆ ಮೂಲ ಇಂಗ್ಲೆಂಡಿನ 10ಸಿಸಿ ತಂಡದ 1974ರ ಹಾಡು. ಆ ಹಾಡು ತಮ್ಮನ್ನೇ ಲೋಕದ ಅತಿ ಕೆಟ್ಟ ಬ್ಯಾಂಡ್ ಎಂದು ಕರೆದುಕೊಳ್ಳುವ ಹಾಸ್ಯ. 'ಲೈಟ್‌ವರ್ಕ್ಸ್' ಹುಟ್ಟಿದ್ದು ರೇಮಂಡ್ ಸ್ಕಾಟ್ ಅವರ ಎಲೆಕ್ಟ್ರಾನಿಕ್ ಜಾಹೀರಾತು ಸದ್ದುಗಳಿಂದ. ಈ ಸ್ಕಾಟ್ 1930ರ ದಶಕದಲ್ಲಿ ಜಾಝ್ ತಂಡ ಕಟ್ಟಿದವರು. ಅವರ ರಾಗಗಳು ಆಮೇಲೆ ಬಗ್ಸ್ ಬನ್ನಿಯಂಥ ಕಾರ್ಟೂನ್‌ಗಳಲ್ಲಿ ಓಡಿದವು. ಆಲ್ಬಂ ಉದ್ದಕ್ಕೂ ಒಂದು ಸೈರನ್ ಕೂಗು ಎಲ್ಲೆಂದರಲ್ಲಿ ನುಗ್ಗಿ ಬರುತ್ತದೆ. ಆಸ್ಪತ್ರೆಯ ಕಥೆ ಕೇಳಿದವರು ಇದನ್ನು ಆಂಬ್ಯುಲೆನ್ಸ್ ಎಂದುಕೊಂಡರೆ ಆಶ್ಚರ್ಯವಿಲ್ಲ. ಅದು 1988ರ ಮ್ಯಾಂಟ್ರೋನಿಕ್ಸ್ ರೆಕಾರ್ಡಿನಿಂದ ತೆಗೆದದ್ದು, ಹಿಪ್-ಹಾಪ್ ಬಲ್ಲವರಿಗೆ ಹಳೆಯ ಪರಿಚಯದ ಸದ್ದು. ಹೊದಿಕೆಯ ಮೇಲೆ ಟೋಪಿ ಹಾಕಿ ತಲೆ ಬಗ್ಗಿಸಿ ನಗುತ್ತಿರುವ ಡಿಲ್ಲಾ ಇದ್ದಾರೆ. ಅದು ಗೆಳೆಯನ ಹಾಡೊಂದರ ವೀಡಿಯೊದಿಂದ ತೆಗೆದ ಚಿತ್ರ.

ಇನ್ನು 'ಡೋಂಟ್ ಕ್ರೈ'. ನನ್ನ ಮಟ್ಟಿಗೆ ಆಲ್ಬಂನ ತಿರುಳು ಇಲ್ಲಿದೆ. ಮೂಲ ಹಾಡು ದಿ ಎಸ್ಕಾರ್ಟ್ಸ್ ತಂಡದ್ದು. ನ್ಯೂಜೆರ್ಸಿಯ ರಾವೇ ಸೆರೆಮನೆಯ ಕೈದಿಗಳು ಕೂಡಿ ಕಟ್ಟಿದ ತಂಡ ಅದು. ಪ್ರೇಯಸಿಯ ಅಳು ನೋಡಲಾರೆ ಎನ್ನುವ ಹಾಡು. ಡಿಲ್ಲಾ ಮೊದಲು ಆ ಹಾಡನ್ನು ಹೆಚ್ಚುಕಡಿಮೆ ಇದ್ದಂತೆಯೇ ಹರಿಯಬಿಡುತ್ತಾರೆ. ನೋಡಿ, ನನ್ನ ಕೈಯಲ್ಲಿರುವ ಸಾಮಗ್ರಿ ಇದು, ಎನ್ನುವ ಹಾಗೆ. ಆಮೇಲೆ ಅದೇ ಹಾಡನ್ನು ಚಿಂದಿ ಮಾಡುತ್ತಾರೆ. ಒಂದು ಪದದ ಅರ್ಧ, ಒಂದು ತಂತಿಯ ಮೀಟು, ಒಂದು ಡ್ರಮ್ ಪೆಟ್ಟು. ಇವುಗಳ ಕ್ರಮ ಬದಲಿಸಿ, ಹೊಸ ನಡೆಗೆ ಕೂರಿಸುತ್ತಾರೆ. ಚೂರುಗಳು ಅವೇ, ಹಾಡು ಬೇರೆ. ಎರಡು ನಿಮಿಷದ ಒಳಗೆ ಪಾಠವೂ ಆಯಿತು, ಪ್ರದರ್ಶನವೂ ಆಯಿತು. ಜಾಝ್ ವಾದಕ ಒಂದು ಪರಿಚಿತ ಹಾಡನ್ನು ಮೊದಲು ನೇರ ನುಡಿಸಿ, ನಂತರ ಅದರ ಎಲುಬಿನ ಮೇಲೆ ತನ್ನದನ್ನು ಕಟ್ಟುವ ಕ್ರಮವೇ ಇದು. ಕೈಯಲ್ಲಿ ಸ್ಯಾಕ್ಸೊಫೋನ್ ಬದಲು ಯಂತ್ರವಿದೆ, ಅಷ್ಟೇ.

ಜಾಝ್ ಎಂಬ ಮಾತು ಬಂದಿದ್ದರಿಂದ ಒಂದು ಸ್ಪಷ್ಟನೆ. 'ಡೋನಟ್ಸ್'ನ ಸಾಮಗ್ರಿ ಹೆಚ್ಚಾಗಿ ಸೋಲ್ ಸಂಗೀತ; ಡಿಯಾನ್ ವಾರ್ವಿಕ್, ಜಾಕ್ಸನ್ 5, ಐಸ್ಲಿ ಬ್ರದರ್ಸ್. ಜಾಝ್ ಇರುವುದು ಮಾಡಿದವನ ಬೆಳವಣಿಗೆಯಲ್ಲಿ. ತಂದೆ ಜಾಝ್ ಬಾಸ್ ನುಡಿಸುತ್ತಿದ್ದವರು, ತಾಯಿ ಹಾಡುಗಾರಿಕೆ ಕಲಿತವರು. 1990ರ ದಶಕದಲ್ಲಿ ಡಿಲ್ಲಾ ಬೇರೆಯವರಿಗೆ ಕಟ್ಟಿಕೊಟ್ಟ ಬೀಟ್‌ಗಳಲ್ಲಿ ಸ್ಟಾನ್ ಗೆಟ್ಸ್, ಅಹ್ಮದ್ ಜಮಾಲ್, ಹರ್ಬಿ ಹ್ಯಾನ್‌ಕಾಕ್ ಅವರ ರೆಕಾರ್ಡುಗಳೇ ಬುನಾದಿ. ಫಾರ್‌ಸೈಡ್ ತಂಡದ 'ರನ್ನಿನ್' ಕೇಳಿದವರು ಗೆಟ್ಸ್ ಜೊತೆ ನುಡಿಸಿದ ಲೂಯಿಜ್ ಬೊನ್ಫಾ ಅವರ ಗಿಟಾರನ್ನೂ ಕೇಳಿದ್ದಾರೆ, ಗೊತ್ತಿಲ್ಲದೆ.

ಈ ಸಂಗೀತಕ್ಕೆ ಅತ್ಯಂತ ಎಚ್ಚರದ ವಿಮರ್ಶೆ ಬಂದದ್ದೂ ಜಾಝ್ ಕಡೆಯಿಂದಲೇ. ಅದು ಬರಹದಲ್ಲಿ ಬರಲಿಲ್ಲ. ಡ್ರಮ್ ಬಾರಿಸುವವರು ಮಾಡಿದ ವಿಮರ್ಶೆ ಅದು.

ಅದನ್ನು ತಿಳಿಯಲು ಮೊದಲು ಯಂತ್ರದ ಬಗ್ಗೆ ಒಂದು ಮಾತು. ಸ್ಯಾಂಪ್ಲರ್‌ನಲ್ಲಿ ಕ್ವಾಂಟೈಸ್ ಎಂಬ ಸೌಕರ್ಯವಿದೆ. ನೀವು ಒತ್ತಿದ ಪೆಟ್ಟು ಕೊಂಚ ಆಚೀಚೆ ಆದರೆ ಯಂತ್ರ ಅದನ್ನು ಹತ್ತಿರದ ಕರಾರುವಾಕ್ಕಾದ ಜಾಗಕ್ಕೆ ಎಳೆದು ಕೂರಿಸುತ್ತದೆ. ಡಿಲ್ಲಾ ಇದನ್ನು ಸುಮ್ಮನೆ ಆರಿಸಿಬಿಟ್ಟು ಕೈಗೆ ಬಂದಂತೆ ಬಾರಿಸಿದರು ಎಂದು ಬಹುಕಾಲ ನಂಬಿದ್ದರು. ಚಾರ್ನಸ್ ತೋರಿಸುವುದು ಬೇರೆ: ಒಂದು ವಾದ್ಯವನ್ನು ನೇರ ಲೆಕ್ಕದಲ್ಲಿ ಬಿಟ್ಟು, ಇನ್ನೊಂದನ್ನು ಸ್ವಿಂಗ್ ಲೆಕ್ಕದಲ್ಲಿ ಇಟ್ಟು, ಸ್ನೇರ್ ಡ್ರಮ್ಮನ್ನು ಕೂದಲೆಳೆಯಷ್ಟು ಮುಂಚೆ ಸರಿಸಿ, ಆ ಸರಿತವನ್ನೇ ಪ್ರತಿ ಆವರ್ತದಲ್ಲೂ ಕಾಯ್ದುಕೊಳ್ಳುವುದು. ಇಲ್ಲಿ ಕೂತಿರುವ ಲಯ ವಿದ್ವಾಂಸರಿಗೆ ಥಟ್ಟನೆ ಅತೀತ, ಅನಾಗತ ನೆನಪಾಗಬಹುದು. ಹೋಲಿಕೆ ನಿಲ್ಲುವುದಿಲ್ಲ. ಎಡುಪಿನಲ್ಲಿ, ಅಂದರೆ ತಾಳದಲ್ಲಿ ಹಾಡು ಹೊರಡುವ ಜಾಗದ ಲೆಕ್ಕದಲ್ಲಿ, ತಾಳ ಕದಲದೆ ಇರುತ್ತದೆ. ಹಾಡು ಅದಕ್ಕಿಂತ ಎಷ್ಟು ಮುಂಚೆ, ಎಷ್ಟು ಆಮೇಲೆ ಹೊರಟಿತು ಎಂದು ಅಕ್ಷರದ ಲೆಕ್ಕದಲ್ಲಿ ಹೇಳಬಹುದು. ಡಿಲ್ಲಾ ಸರಿಸುವುದು ಬೆರಳೆಣಿಕೆಗೆ ಸಿಗದಷ್ಟು ಸಣ್ಣ ಅಂತರವನ್ನು, ಅದೂ ತಾಳ ತೋರಿಸುವ ವಾದ್ಯಗಳ ನಡುವೆಯೇ. ಎಲ್ಲ ಸರಿಯಿದ್ದೂ ಏನೋ ತೂರಾಡುತ್ತಿದೆ ಎನಿಸುತ್ತದೆ.

ಕ್ವೆಸ್ಟ್‌ಲವ್, ಕ್ರಿಸ್ ಡೇವ್, ಕರೀಮ್ ರಿಗ್ಗಿನ್ಸ್ ಇಂಥ ಡ್ರಮ್ಮರ್‌ಗಳು ಆ ತೂರಾಟವನ್ನು ಕೈಯಿಂದ ನುಡಿಸುವುದು ಕಲಿತರು. ಯಂತ್ರ ಮನುಷ್ಯನನ್ನು ಅನುಕರಿಸಿತು, ಮನುಷ್ಯ ಆ ಯಂತ್ರವನ್ನು ಅನುಕರಿಸಿದ. ರಿಗ್ಗಿನ್ಸ್ ಬಾಸ್ ವಾದಕ ರೇ ಬ್ರೌನ್ ಅವರ ಜೊತೆ ನುಡಿಸಿ ಬಂದವರು. ಡಿಲ್ಲಾ ಅರ್ಧಕ್ಕೆ ಬಿಟ್ಟ 'ದ ಶೈನಿಂಗ್' ಆಲ್ಬಂ ಮುಗಿಸಿದವರೂ ಅವರೇ. ಪಿಯಾನೋ ವಾದಕ ರಾಬರ್ಟ್ ಗ್ಲಾಸ್ಪರ್ 2007ರಲ್ಲಿ ಬ್ಲೂ ನೋಟ್ ಕಂಪನಿಗೆ ಮಾಡಿದ 'ಇನ್ ಮೈ ಎಲಿಮೆಂಟ್'ನಲ್ಲಿ 'ಜೆ ಡಿಲ್ಲಾಲೂಡ್' ಎಂಬ ತುಣುಕಿದೆ. ಪಿಯಾನೋ, ಬಾಸ್, ಡ್ರಮ್ ಮೂರೇ. ಡಿಲ್ಲಾರ ಲೂಪ್‌ಗಳನ್ನು ಒಂದಾದ ಮೇಲೊಂದು ಕೈಯಲ್ಲಿ ನುಡಿಸುತ್ತಾರೆ, ಪುನರಾವರ್ತನೆ ಸಮೇತ. ಏನನ್ನೂ ಹಿಗ್ಗಿಸುವುದಿಲ್ಲ, ಅಲಂಕರಿಸುವುದಿಲ್ಲ. 2009ರಲ್ಲಿ ಮಿಗೆಲ್ ಆಟ್‌ವುಡ್-ಫರ್ಗುಸನ್ ಮತ್ತು ಕಾರ್ಲೋಸ್ ನಿನ್ಯೊ ದೊಡ್ಡ ಆರ್ಕೆಸ್ಟ್ರಾ ಕಟ್ಟಿ 'ಸ್ವೀಟ್ ಫಾರ್ ಮಾ ಡ್ಯೂಕ್ಸ್' ಮಾಡಿದಾಗ ಜನ ಅತ್ತರಂತೆ. ನನಗೆ ಅದು ಅಷ್ಟು ರುಚಿಸಲಿಲ್ಲ. ಪಿಟೀಲುಗಳು ಸೇರಿ ನಗುವನ್ನೆಲ್ಲ ಒರೆಸಿಹಾಕಿವೆ.

ಒಂದು ಮಾತನ್ನು ಮಾತ್ರ ಡಿಲ್ಲಾ ಅಭಿಮಾನಿಗಳಿಗೆ ಹೇಳಬೇಕು. ಈ ಲಯದ ಸಾಹಸ ಹೆಚ್ಚು ಕಾಣುವುದು ಸ್ಲಂ ವಿಲೇಜ್ ತಂಡಕ್ಕೆ ಅವರು ಮಾಡಿದ ಹಿಂದಿನ ಕೆಲಸದಲ್ಲಿ. 'ಡೋನಟ್ಸ್'ನ ಹಲವು ತುಣುಕುಗಳಲ್ಲಿ ಡ್ರಮ್ ಮೂಲ ರೆಕಾರ್ಡಿನದ್ದೇ. ಅಲ್ಲಿನ ಜಾಣ್ಮೆ ಕತ್ತರಿಯದ್ದು. ಎರಡನ್ನೂ ಕಲಸಿ, ಡಿಲ್ಲಾ ಹೆಸರಿನ ಎಲ್ಲ ಕೀರ್ತಿಯನ್ನೂ ಈ ಒಂದು ಆಲ್ಬಂ ತಲೆಗೆ ಕಟ್ಟುವುದು ಆ ಆಸ್ಪತ್ರೆ ಕಥೆಯ ಇನ್ನೊಂದು ಪರಿಣಾಮ. ಅವರ ಗೆಳೆಯ ಮ್ಯಾಡ್‌ಲಿಬ್ ಈ ವ್ಯತ್ಯಾಸ ಬಲ್ಲವರು. ಅವರ 'ಬೀಟ್ ಕಂಡಕ್ಟಾ' ಸರಣಿಯ ಮೂರು ನಾಲ್ಕನೇ ಸಂಪುಟಗಳು 2007ರಲ್ಲಿ ಬಂದವು, ಹೆಚ್ಚಾಗಿ ಭಾರತದ ಸಿನಿಮಾ ಸಂಗೀತವನ್ನು ಕತ್ತರಿಸಿ ಮಾಡಿದವು. ಮುಂದಿನ ಎರಡು ಸಂಪುಟಗಳು ಡಿಲ್ಲಾಗೆ ಅರ್ಪಣೆ. ಅಲ್ಲಿ ಮ್ಯಾಡ್‌ಲಿಬ್ ಗೆಳೆಯನಿಗೆ ಗೆಳೆಯನ ಧಾಟಿಯಲ್ಲೇ ಉತ್ತರ ಕೊಡುತ್ತಾರೆ: ಚಿಕ್ಕ ಚೂರುಗಳು, ಕೀಟಲೆ, ಥಟ್ಟನೆ ನಿಲುಗಡೆ. ಶೋಕಗೀತೆ ಎನ್ನಲು ಧೈರ್ಯ ಬಾರದಷ್ಟು ಲವಲವಿಕೆ.

ಇನ್ನೊಂದು ಗುಂಪಿನ ಕೇಳುಗರನ್ನು ವಿಮರ್ಶೆ ಹೆಚ್ಚು ವಿಚಾರಿಸಿದಂತಿಲ್ಲ. ಅವರು ರ‍್ಯಾಪರ್‌ಗಳು, ಬೀಟ್ ಟೇಪಿನ ನಿಜವಾದ ವಾರಸುದಾರರು. ಆಲ್ಬಂನಲ್ಲಿ 'ಹಾಯ್', 'ಬೈ' ಎಂಬ ಎರಡು ತುಣುಕುಗಳು ಅಕ್ಕಪಕ್ಕ ಇವೆ. ಬಂದೆ, ಹೊರಟೆ ಎಂದು ಇವನ್ನು ಓದಿದ ಬರಹಗಳಿಗೆ ಬರವಿಲ್ಲ. 2006ರ ಮಾರ್ಚ್‌ನಲ್ಲಿ, ಡಿಲ್ಲಾ ತೀರಿಕೊಂಡ ಮರುತಿಂಗಳೇ, ಗೋಸ್ಟ್‌ಫೇಸ್ ಕಿಲ್ಲಾ ಅವರ 'ಫಿಶ್‌ಸ್ಕೇಲ್' ಬಂತು. ಅದರಲ್ಲಿ 'ಹಾಯ್' ಬೀಟ್ ಮೇಲೆ ಅವರು ಹೇಳಿದ್ದು ಬಸ್ ಸ್ಟಾಪಿನಲ್ಲಿ ಕಂಡ ಚೆಲುವೆಯೊಬ್ಬಳನ್ನು ಮಾತಾಡಿಸಲು ಹೊರಟ ಪ್ರಸಂಗ. 'ಡೋನಟ್ಸ್'ನದೇ 'ಒನ್ ಫಾರ್ ಗೋಸ್ಟ್' ಬೀಟ್ ಮೇಲೆ ಬಾಲ್ಯದಲ್ಲಿ ತಿಂದ ಬೆಲ್ಟಿನ ಏಟಿನ ನೆನಪು.

'ಬೈ' ತುಣುಕಿನ ಗತಿ ಇನ್ನೂ ಸ್ವಾರಸ್ಯ. ಅದರ ಮೂಲ ಐಸ್ಲಿ ಬ್ರದರ್ಸ್ ಅವರ 1980ರ 'ಡೋಂಟ್ ಸೇ ಗುಡ್‌ನೈಟ್'. ಶುಭರಾತ್ರಿ ಹೇಳಿ ಹೊರಡಬೇಡ ಎಂದು ನಲ್ಲೆಯನ್ನು ತಡೆಯುವ ಹಾಡು. ವಿದಾಯವಲ್ಲ, ವಿದಾಯ ಬೇಡ ಎನ್ನುವುದು ಅದರ ಹೂರಣ. ಅದೇ ಸ್ಯಾಂಪಲ್‌ನ ಅದೇ ಬೀಟ್ ಉದ್ದವಾಗಿ, ಮಾತು ತುಂಬಿಕೊಂಡು, 2006ರ ಆಗಸ್ಟ್‌ನಲ್ಲಿ ರಿಗ್ಗಿನ್ಸ್ ಮುಗಿಸಿದ ಆ 'ದ ಶೈನಿಂಗ್'ನಲ್ಲಿ ಮತ್ತೆ ಬಂತು. ಹೆಸರು 'ಸೋ ಫಾರ್ ಟು ಗೋ', ಮಾತು ರ‍್ಯಾಪರ್ ಕಾಮನ್ ಅವರದ್ದು, ಹಾಡಿದ್ದು ಡಿ'ಆಂಜೆಲೊ. ಲಾಸ್ ಏಂಜಲಿಸ್‌ನಲ್ಲಿ ಡಿಲ್ಲಾ ಜೊತೆ ಒಂದೇ ಮನೆಯಲ್ಲಿದ್ದವರು ಈ ಕಾಮನ್. ಕಾಯಿಲೆಯನ್ನು ಎಲ್ಲ ವಿಮರ್ಶಕರಿಗಿಂತ ಹತ್ತಿರದಿಂದ ಕಂಡವರು. ಅವರ ಕಿವಿಗೆ ಆ ಬೀಟ್‌ನಲ್ಲಿ ಕೇಳಿಸಿದ್ದು ಪ್ರಣಯ.